ಬೋರ್ಡು ಕನ್ನಡವಾಯಿತು, ಕೇಸ್ ಶೀಟು ಯಾವಾಗ?

(ಬೆಂಗಳೂರಿನ ಯುವ ಕಾರ್ಯಕರ್ತರ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹರೂಪ. ಶಿಬಿರಕ್ಕೆ ಬರಲಾಗದ ಓದುಗರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



2023ರ ಡಿಸೆಂಬರಿನಲ್ಲಿ ನಾಮಫಲಕಕ್ಕಾಗಿ ಬೀದಿಗಿಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಪೊಲೀಸ್ ವ್ಯಾನು ಹತ್ತಿದವರೂ ಇದ್ದೀರಿ. 2024ರಲ್ಲಿ ಕಾನೂನೇ ಬಂತು. ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು ಎಂದಿತು. ಸಂತೋಷ. ಈಗ ನಿಮ್ಮ ಬಡಾವಣೆಯ ಒಂದು ದೊಡ್ಡ ಆಸ್ಪತ್ರೆಯ ಮುಂದೆ ಹೋಗಿ ನಿಲ್ಲಿ. ಹೆಸರು ದಪ್ಪ ಕನ್ನಡ ಅಕ್ಷರದಲ್ಲಿ ಹೊಳೆಯುತ್ತಿರುತ್ತದೆ. ಬಾಗಿಲು ತಳ್ಳಿ ಒಳಗೆ ಹೋಗಿ. ಹೆಚ್ಚಿನ ಕಡೆ ಕನ್ನಡ ಆ ಬಾಗಿಲಲ್ಲೇ ನಿಂತುಬಿಟ್ಟಿರುತ್ತದೆ.

ಒಳಗೆ ರೋಗಿಯ ಕೈಗೆ ಮುಖ್ಯವಾಗಿ ಮೂರು ಕಾಗದ ಬರುತ್ತವೆ. ಆಪರೇಷನ್ನಿಗೆ ಮುಂಚೆ ಸಹಿ ಮಾಡಬೇಕಾದ ಒಪ್ಪಿಗೆ ಪತ್ರ ಒಂದು. ಔಷಧಿ ಚೀಟಿ ಎರಡು. ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಸಮರಿ ಮೂರು. ಮನುಷ್ಯನ ಜೀವ ಉಳಿಯುವುದೋ ಹೋಗುವುದೋ ಎನ್ನುವ ಸಂಗತಿ ಬರೆದಿರುವುದು ಈ ಮೂರರಲ್ಲಿ, ಬೋರ್ಡಿನಲ್ಲಲ್ಲ. ಈ ಮೂರೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಹೋರಾಟ ಬೋರ್ಡಿನಲ್ಲೇ ನಿಂತರೆ ಸಾಲದು, ಈ ಮೂರು ಕಾಗದಕ್ಕೆ ಬರಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರಪಡದೆ ಕೇಳಿ.

ತಪ್ಪು ಎಲ್ಲೆಲ್ಲೂ ಆಗುತ್ತದೆ

ಆಸ್ಪತ್ರೆಯಲ್ಲಿ ತಪ್ಪಾಗುತ್ತದೆ ಎಂದರೆ ನಮ್ಮ ಜನ ಎರಡೇ ರೀತಿ ಮಾತಾಡುತ್ತಾರೆ. ಒಂದು, 'ವಿಧಿ, ಏನು ಮಾಡಕ್ಕಾಗುತ್ತೆ.' ಇನ್ನೊಂದು, 'ಡಾಕ್ಟ್ರು ಕೊಂದುಬಿಟ್ಟ.' ಎರಡೂ ಸರಿಯಲ್ಲ.

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರತಂದಿತು. ಆ ದೇಶದ ಆಸ್ಪತ್ರೆಗಳಲ್ಲಿ, ತಡೆಯಬಹುದಾಗಿದ್ದ ತಪ್ಪುಗಳಿಂದ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಜನ ಸಾಯುತ್ತಿದ್ದಾರೆ ಎಂದು ಅಂದಾಜು ಮಾಡಿತು. ನೆನಪಿಡಿ, ಇದು ದುಡ್ಡಿಗೂ ಯಂತ್ರಕ್ಕೂ ಕೊರತೆಯಿಲ್ಲದ ದೇಶದ ಲೆಕ್ಕ. ಶ್ರೀಮಂತ ದೇಶಗಳಲ್ಲೂ ಆಸ್ಪತ್ರೆ ಸೇರಿದ ಹತ್ತರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೂ ಹಾನಿಯಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾಗಿಯೇ 2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವೆಂದು ಆಚರಿಸುತ್ತಾರೆ.

ಆ 1999ರ ವರದಿಯ ಮುಖ್ಯ ಮಾತು ಸಾವಿನ ಸಂಖ್ಯೆಯಲ್ಲ. ತಪ್ಪು ಮಾಡುವವರು ಕೆಟ್ಟವರಲ್ಲ, ವ್ಯವಸ್ಥೆ ಕೆಟ್ಟದ್ದು ಎಂದು ಅದು ಹೇಳಿತು. ಸುಸ್ತಾದ ನರ್ಸು, ಅವಸರದ ಬರವಣಿಗೆ, ಒಂದೇ ಥರ ಹೆಸರಿನ ಎರಡು ಔಷಧಿ, ಕೇಳಿಸಿಕೊಳ್ಳದೆ ಹೋದ ಒಂದು ಮಾತು. ಹೆಚ್ಚಿನ ಅನಾಹುತಗಳು ಹೀಗೇ ಹುಟ್ಟುತ್ತವೆ.

ಹೀಗೆ ಹುಟ್ಟುವುದನ್ನು ತಡೆಯಲೂ ಬಹುದು. ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರಿಗಾಗಿ ಒಂದು ಹಾಳೆಯ ಪಟ್ಟಿ ಮಾಡಿತು. ದೆಹಲಿಯೂ ಸೇರಿದಂತೆ ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಒಂದು ಹಾಳೆ ಅಷ್ಟೆ.

ಆ ಹಾಳೆಯ ಮೊಟ್ಟಮೊದಲ ಸಾಲು ಏನು ಗೊತ್ತೆ? ನೀವು ಯಾರು, ದೇಹದ ಯಾವ ಭಾಗಕ್ಕೆ ಆಪರೇಷನ್, ಯಾವ ಆಪರೇಷನ್, ಒಪ್ಪಿಗೆ ಇದೆಯೆ ಎಂಬುದನ್ನು ರೋಗಿಯ ಬಾಯಿಂದಲೇ ಖಚಿತ ಮಾಡಿಕೊಳ್ಳಬೇಕು ಎನ್ನುವುದು. ರೋಗಿಯ ಬಾಯಿಂದ! ಅರಿವಳಿಕೆ ಕೊಡುವ ಮುಂಚೆ. ಈಗ ಹೇಳಿ, ಮಂಡ್ಯದ ಹಳ್ಳಿಯಿಂದ ಬಂದು ಮೇಜಿನ ಮೇಲೆ ಮಲಗಿರುವ ಅಜ್ಜಿಗೆ ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿದರೆ ಆಕೆ ಏನು ಮಾಡುತ್ತಾಳೆ? ತಲೆ ಆಡಿಸುತ್ತಾಳೆ. ಎಡಗಣ್ಣು ಎಂದರೂ ಆಡಿಸುತ್ತಾಳೆ, ಬಲಗಣ್ಣು ಎಂದರೂ ಆಡಿಸುತ್ತಾಳೆ. ಪಟ್ಟಿಯಲ್ಲಿ ಟಿಕ್ ಬೀಳುತ್ತದೆ, ರಕ್ಷಣೆ ಮಾತ್ರ ಸಿಗುವುದಿಲ್ಲ.

ಒಂದು ಪದದ ಬೆಲೆ

'ಭಾಷೆಗೂ ಚಿಕಿತ್ಸೆಗೂ ಏನ್ರೀ ಸಂಬಂಧ, ಡಾಕ್ಟರಿಗೆ ಕೆಲಸ ಗೊತ್ತಿದ್ದರೆ ಸಾಕು' ಎನ್ನುವವರಿದ್ದಾರೆ. ಅವರಿಗೆ 1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಡೆದದ್ದನ್ನು ಹೇಳಿ.

ಹದಿನೆಂಟು ವರ್ಷದ ಹುಡುಗ. ಕ್ಯೂಬಾ ಮೂಲದ, ಸ್ಪ್ಯಾನಿಷ್ ಮಾತಾಡುವ ಮನೆಯವನು. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ತಿಂದದ್ದೇನೋ ಆಗಿಬಂದಿಲ್ಲ ಎಂದುಕೊಂಡ ಮನೆಯವರು ತಮ್ಮ ಭಾಷೆಯ 'ಇಂತೊಕ್ಸಿಕಾದೊ' ಎಂಬ ಪದ ಬಳಸಿದರು. ಇಂಗ್ಲಿಷಿನ ಕಿವಿಗೆ ಅದು ಅಮಲೇರಿದವನು ಎಂದು ಕೇಳಿಸಿತು. ಮಾದಕ ವಸ್ತು ಹೆಚ್ಚಾಗಿದೆ ಎಂದುಕೊಂಡು ಅದಕ್ಕೇ ಚಿಕಿತ್ಸೆ ಮಾಡಿದರು. ಮಿದುಳಿನೊಳಗೆ ರಕ್ತ ಸೋರುತ್ತಿದ್ದುದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಹುಡುಗನ ಕೈಕಾಲು ನಾಲ್ಕೂ ಹೋದವು. ಮುಂದೆ ಮೊಕದ್ದಮೆಯಾಗಿ, ಅವನ ಜೀವಮಾನದ ಲೆಕ್ಕದಲ್ಲಿ ಸುಮಾರು 7 ಕೋಟಿ 10 ಲಕ್ಷ ಡಾಲರಿನ ಪರಿಹಾರಕ್ಕೆ ಒಪ್ಪಂದವಾಯಿತು.

ಅಲ್ಲಿ ಯಾರಿಗೂ ಭಾಷೆಯ ಮೇಲೆ ದ್ವೇಷವಿರಲಿಲ್ಲ. ಡಾಕ್ಟರು ಓದದವರಲ್ಲ. ಒಂದು ಪದ ಅಡ್ಡ ಬಂತು. ಈಗ ನಮ್ಮ ಕಡೆಯ ಪದಗಳನ್ನು ನೆನಪಿಸಿಕೊಳ್ಳಿ. 'ಎದೆ ಹಿಂಡಿದಂಗೆ ಆಗ್ತದೆ', 'ಎದೆ ಉರಿ', 'ಸಂಕಟ', 'ಜೀವ ತಳಮಳ', 'ತಲೆ ಸುತ್ತು', 'ತಲೆ ಭಾರ', 'ಕಣ್ಣು ಕತ್ತಲೆ'. ಇವೆಲ್ಲ ಬೇರೆ ಬೇರೆ ಕಾಯಿಲೆಯ ಬಾಗಿಲುಗಳು. 'ಸಂಕಟ' ಎಂಬ ಒಂದು ಪದ ಒಂದು ಕಡೆ ಹೊಟ್ಟೆ ತೊಳಸುವುದು, ಇನ್ನೊಂದು ಕಡೆ ಎದೆಯ ನೋವು. ಕನ್ನಡ ಬಲ್ಲ ಡಾಕ್ಟರೇ ಎರಡು ಸಲ ಕೇಳಿ ತಿಳಿದುಕೊಳ್ಳಬೇಕು. ಬಾರದವರು ಏನು ಮಾಡುತ್ತಾರೆ? 'ಪೇನ್' ಎಂದು ಬರೆದು ಮುಂದಿನ ರೋಗಿಯನ್ನು ಕರೆಯುತ್ತಾರೆ.

ಔಷಧಿ ಚೀಟಿಯ ಲ್ಯಾಟಿನ್

ಚೀಟಿ ಇಂಗ್ಲಿಷಿನಲ್ಲಿದೆ ಎಂದು ಹೇಳಿದೆ. ಅರ್ಧ ಇಂಗ್ಲಿಷೂ ಅಲ್ಲ, ಸತ್ತ ಲ್ಯಾಟಿನ್. 'ಬಿಡಿ' ಎಂದರೆ ದಿನಕ್ಕೆ ಎರಡು ಸಲ, 'ಟಿಡಿಎಸ್' ಎಂದರೆ ಮೂರು ಸಲ, 'ಎಚ್ಎಸ್' ಎಂದರೆ ಮಲಗುವಾಗ, 'ಎಸ್ಓಎಸ್' ಎಂದರೆ ಬೇಕಾದರೆ ಮಾತ್ರ. 'ಓಡಿ' ಎಂದರೆ ದಿನಕ್ಕೊಂದು ಸಲ. ಅದೇ 'ಓಡಿ' ಕಣ್ಣಿನ ಡಾಕ್ಟರ ಚೀಟಿಯಲ್ಲಿ ಬಲಗಣ್ಣು! ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಿಮಗೇ ಇದು ಗೊತ್ತಿರಲಿಲ್ಲ, ಅಲ್ಲವೆ? ಊರಿನಿಂದ ಬಂದ ನಿಮ್ಮ ದೊಡ್ಡಪ್ಪನಿಗೆ ಎಲ್ಲಿಂದ ಗೊತ್ತಾಗಬೇಕು?

ಇದು ಬರೀ ಗೊಂದಲದ ಮಾತಲ್ಲ, ಪ್ರಾಣದ ಮಾತು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು, ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಕೀಲು ಬಾವಿಗೆ, ಸೋರಿಯಾಸಿಸ್‌ಗೆ ಕೊಡುತ್ತಾರೆ. ಇದನ್ನು ನುಂಗಬೇಕಾದ್ದು ವಾರಕ್ಕೆ ಒಂದೇ ದಿನ. ಮಾತ್ರೆ ಎಂದರೆ ದಿನಾ ನುಂಗುವುದು ಎಂದೇ ಅಭ್ಯಾಸವಾದ ನಮ್ಮ ಜನ ದಿನವೂ ನುಂಗಿದರೆ ಬಾಯಿ ತುಂಬ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತ ತಯಾರಾಗುವುದು ನಿಲ್ಲುತ್ತದೆ, ಪ್ರಾಣವೇ ಹೋಗುತ್ತದೆ. ಜಗತ್ತಿನಾದ್ಯಂತ ಈ ಒಂದು ತಪ್ಪಿನಿಂದ ಜನ ಸತ್ತಿದ್ದಾರೆ. ತಡೆಯಲು ಎಷ್ಟು ಬೇಕು? ಚೀಟಿಯ ಮೇಲೆ 'ವಾರಕ್ಕೆ ಒಂದು ದಿನ ಮಾತ್ರ, ಸೋಮವಾರ' ಎಂಬ ನಾಲ್ಕಾರು ಕನ್ನಡ ಪದ.

ಎರಡನೆಯದು, ಮಕ್ಕಳ ಜ್ವರದ ಪ್ಯಾರಾಸಿಟಮಾಲ್. ಹಸುಗೂಸಿಗೆ ಕೊಡುವ ಡ್ರಾಪ್ಸ್ ಬೇರೆ, ದೊಡ್ಡ ಮಕ್ಕಳ ಸಿರಪ್ ಬೇರೆ. ಡ್ರಾಪ್ಸಿನ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನ ಐದು ಎಂಎಲ್‌ಗೆ ಸಾಮಾನ್ಯವಾಗಿ 125 ಇಲ್ಲವೆ 250 ಮಿಲಿಗ್ರಾಂ. ಡ್ರಾಪ್ಸಿನ ಬಾಟಲಿಯಿಂದ 'ಒಂದು ಚಮಚ' ಎಂದು ಐದು ಎಂಎಲ್ ಕುಡಿಸಿದರೆ ಮಗುವಿಗೆ ಹೋದದ್ದು 500 ಮಿಲಿಗ್ರಾಂ. ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಆದರೆ ಪುಟ್ಟ ಮಗುವಿನ ಲಿವರು ತಡೆಯುವುದಿಲ್ಲ. ಆ ಬಾಟಲಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ನಡುರಾತ್ರಿ ಓದಬೇಕಾದವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ದಣಿದು ಬಂದ ತಾಯಿ.

ಮೂರನೆಯದು, ಸಕ್ಕರೆ ಕಾಯಿಲೆಯ ಇನ್ಸುಲಿನ್. ನಮ್ಮ ದೇಶದಲ್ಲಿ 40ರ ಶಕ್ತಿಯ ಇನ್ಸುಲಿನ್ನೂ ಸಿಗುತ್ತದೆ, 100ರ ಶಕ್ತಿಯದೂ ಸಿಗುತ್ತದೆ. ಅದಕ್ಕೆ ತಕ್ಕ ಸಿರಿಂಜುಗಳೂ ಬೇರೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ಹೋಗುತ್ತದೆ. ಇದನ್ನು ಅಂಗಡಿಯವನು ಕನ್ನಡದಲ್ಲಿ ಒಂದು ಸಲ ಹೇಳಿದರೆ ಮುಗಿಯಿತು. ಹೇಳುವವರು ಎಷ್ಟು ಜನ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಸರ್ಕಾರಿ ಆಸ್ಪತ್ರೆಯ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲೇ ಬರೆಯಲಿ ಎಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಆರೋಗ್ಯ ಸಚಿವರನ್ನು ಕೇಳಿಕೊಂಡರು. ಆಗ ದೊಡ್ಡ ಚರ್ಚೆಯಾಯಿತು. ಅದರ ಹಿಂದಿನ ಕಾಳಜಿ ನನ್ನದೂ ಹೌದು. ಆದರೆ ಔಷಧಿಯ ಹೆಸರನ್ನೇ ಕನ್ನಡಕ್ಕೆ ತಿರುಗಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ ಎಂದು ನನ್ನ ಅಭಿಪ್ರಾಯ. ಒಂದು ಅಕ್ಷರ ಆಚೀಚೆಯಾದರೆ ಬೇರೆ ಔಷಧಿಯಾಗುವ ಹೆಸರುಗಳಿವೆ. ಔಷಧಿಯ ಹೆಸರನ್ನು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಓದುವಂತೆ ಬರೆಯಬೇಕೆಂದು 2016ರಲ್ಲೇ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ತಿದ್ದಿತು. ಅದು ಪಾಲನೆಯಾಗಲಿ. ಅದರ ಪಕ್ಕದಲ್ಲಿ ಯಾತಕ್ಕೆ ಈ ಮಾತ್ರೆ, ಎಷ್ಟು, ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಏನಾದರೆ ತಕ್ಷಣ ಬರಬೇಕು ಎಂಬುದು ಕನ್ನಡದಲ್ಲಿ ಇರಲಿ. ಹೆಸರು ಅಂಗಡಿಯವನಿಗೆ, ಸೂಚನೆ ರೋಗಿಗೆ. ಯಾರು ಓದಬೇಕೋ ಅವರ ಭಾಷೆಯಲ್ಲಿ ಬರೆಯಿರಿ ಎನ್ನುವುದೇ ನಮ್ಮ ಬೇಡಿಕೆ.

ಸಹಿ ಹಾಕಿಸಿಕೊಂಡರೆ ಒಪ್ಪಿಗೆಯಾಯಿತೆ?

ಆಪರೇಷನ್ನಿನ ಹಿಂದಿನ ದಿನ ರಾತ್ರಿ ಸಿಸ್ಟರ್ ಒಂದು ಕಾಗದ ತರುತ್ತಾರೆ. 'ಇಲ್ಲಿ ಒಂದು ಸೈನ್ ಮಾಡಿ, ಇಲ್ಲೊಂದು, ಇಲ್ಲೊಂದು.' ಓದಲು ಬಾರದವರಿಗೆ ಇಂಕಿನ ಪ್ಯಾಡು. ಇದನ್ನು ಒಪ್ಪಿಗೆ ಎನ್ನುತ್ತಾರೆ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ದೆಹಲಿಯ ಒಬ್ಬ ಮಹಿಳೆ ಹೊಟ್ಟೆಯೊಳಗೆ ಕ್ಯಾಮರಾ ಇಳಿಸಿ ನೋಡುವ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದರು. ಅವರಿಗೆ ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆದರು. ಕೋರ್ಟು ಹೇಳಿತು: ತುರ್ತು ಪರಿಸ್ಥಿತಿ ಇರಲಿಲ್ಲ, ವಯಸ್ಕ ರೋಗಿಯ ಬದಲು ತಾಯಿಯ ಒಪ್ಪಿಗೆ ನಡೆಯದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಏನು ಮಾಡುತ್ತಾರೆ, ಯಾತಕ್ಕೆ, ಬೇರೆ ದಾರಿ ಇದೆಯೆ, ಅಪಾಯ ಏನು, ಬೇಡವೆಂದರೆ ಏನಾಗುತ್ತದೆ ಎಂಬಷ್ಟನ್ನು ತಿಳಿಸಿದ ಮೇಲೆ ಬಂದದ್ದೇ ಒಪ್ಪಿಗೆ.

ತಿಳಿಸುವುದು ಎಂದರೇನು? ತಿಳಿಯದ ಭಾಷೆಯಲ್ಲಿ ಹೇಳುವುದು ತಿಳಿಸುವುದೆ? ಹೊಸ ಔಷಧಿಗಳ ಪ್ರಯೋಗ ನಡೆಸುವಾಗ ಒಪ್ಪಿಗೆ ಪತ್ರ, ಪ್ರಯೋಗಕ್ಕೆ ಒಳಗಾಗುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂದು 2019ರ ಕೇಂದ್ರ ನಿಯಮ ಹೇಳುತ್ತದೆ. ಅಂದರೆ ಕಂಪನಿಯ ಪ್ರಯೋಗಕ್ಕೆ ಕನ್ನಡಿಗನ ದೇಹ ಬೇಕಾದಾಗ ಕನ್ನಡ ನೆನಪಾಗುತ್ತದೆ. ಅದೇ ಕನ್ನಡಿಗ ದುಡ್ಡು ಕೊಟ್ಟು ಆಪರೇಷನ್ ಮಾಡಿಸಿಕೊಳ್ಳುವಾಗ ಮರೆತುಹೋಗುತ್ತದೆ. ಇದೆಂಥ ನ್ಯಾಯ?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಕಾಯಿಲೆ ಏನು, ಚಿಕಿತ್ಸೆ ಏನು, ಅಪಾಯ ಏನು, ಖರ್ಚು ಎಷ್ಟು ಎಂಬುದನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಬೇಕೆಂದು ಮೊದಲ ಹಕ್ಕಿನಲ್ಲೇ ಇದೆ. ಇದು ನಾವು ಹುಟ್ಟಿಸಿಕೊಂಡ ಬೇಡಿಕೆಯಲ್ಲ, ದಿಲ್ಲಿಯವರೇ ಒಪ್ಪಿಕೊಂಡದ್ದು.

ಕೆಲವು ಆಸ್ಪತ್ರೆಗಳಲ್ಲಿ ಕನ್ನಡ ನಮೂನೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಕನ್ನಡ ನೋಡಬೇಕು. 'ಸಂಜ್ಞಾಹರಣದ ಪ್ರತಿಕೂಲ ಪರಿಣಾಮಗಳ ಕುರಿತು ನನಗೆ ವಿಶದಪಡಿಸಲಾಗಿದ್ದು' ಎಂಬ ಧಾಟಿ. ಈ ಕನ್ನಡಕ್ಕಿಂತ ಇಂಗ್ಲಿಷೇ ವಾಸಿ ಎನಿಸುತ್ತದೆ. 'ಮತ್ತು ಬರುವ ಔಷಧಿ ಕೊಡುತ್ತಾರೆ, ಅದರಿಂದ ಕೆಲವರಿಗೆ ಉಸಿರಿನ ತೊಂದರೆ ಆಗಬಹುದು' ಎಂದರೆ ಆಗುವುದಿಲ್ಲವೆ? ನಮಗೆ ಬೇಕಾದ್ದು ಮನೆಯ ಕನ್ನಡ.

ಕನ್ನಡದಲ್ಲಿ ವೈದ್ಯಕೀಯಕ್ಕೆ ಪದಗಳಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 'ಕೊರವಂಜಿ' ನಡೆಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ವೃತ್ತಿಯಲ್ಲಿ ವೈದ್ಯರು. ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದು ಕನ್ನಡದ ಹೆಣ್ಣುಮಕ್ಕಳಿಗೆ ಬಸಿರು ಬಾಣಂತನದ ವಿಜ್ಞಾನವನ್ನು ಮನೆಮಾತಿನಲ್ಲಿ ಹೇಳಿದರು. ಕಲಬುರಗಿಯ ಡಾ. ಪಿ.ಎಸ್. ಶಂಕರ್, ಡಾ. ಸಿ.ಆರ್. ಚಂದ್ರಶೇಖರ್, ಡಾ. ನಾ. ಸೋಮೇಶ್ವರ, ಡಾ. ವಸುಂಧರಾ ಭೂಪತಿ ಹೀಗೆ ಪಟ್ಟಿ ಬೆಳೆಯುತ್ತದೆ. ಪುಸ್ತಕದಲ್ಲಿ ಸಾಧ್ಯವಾದದ್ದು ಚೀಟಿಯಲ್ಲಿ ಯಾಕೆ ಸಾಧ್ಯವಿಲ್ಲ?

ಮಿಂಟೋದ ಪಾಠ

ಈಗ ಸ್ವಲ್ಪ ಕಹಿಯಾದ ಮಾತು. ನಮ್ಮವರಿಗೇ ಹೇಳಬೇಕಾದ್ದು.

2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಮಾಡಿಸಿಕೊಂಡ ಹಲವರಿಗೆ ಕಣ್ಣಿಗೆ ಸೋಂಕು ತಗಲಿತು. ಬಡವರು, ವಯಸ್ಸಾದವರು. ಕೆಲವರ ದೃಷ್ಟಿ ಹೋಯಿತು. ಆಪರೇಷನ್ನಿನಲ್ಲಿ ಬಳಸಿದ ಔಷಧದಲ್ಲೇ ಬ್ಯಾಕ್ಟೀರಿಯಾ ಇತ್ತೆಂದು ತನಿಖೆ ಬೊಟ್ಟು ಮಾಡಿತು. ಬೆಳಕು ಕಾಣಲು ಬಂದವರು ಕತ್ತಲು ಪಡೆದು ಹೋದರು.

ನಾಲ್ಕು ತಿಂಗಳಾದರೂ ಅವರಿಗೆ ಸರಿಯಾದ ನ್ಯಾಯ ಸಿಕ್ಕಿಲ್ಲವೆಂದು ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಕನ್ನಡ ಕಾರ್ಯಕರ್ತರು ಆಸ್ಪತ್ರೆಗೆ ಹೋದರು. ಉದ್ದೇಶ ನೂರಕ್ಕೆ ನೂರು ಸರಿ. ಅಲ್ಲಿ ಕಿರಿಯ ವೈದ್ಯರಿಗೂ ಕಾರ್ಯಕರ್ತರಿಗೂ ಮಾತಿಗೆ ಮಾತು ಬೆಳೆಯಿತು. ಕನ್ನಡ ಮಾತಾಡುವ ವಿಷಯವೂ ಬಂತು. ತಮ್ಮ ಮೇಲೆ ಕೈ ಮಾಡಿದರೆಂದು ವೈದ್ಯರು ದೂರು ಕೊಟ್ಟರು. ಮುಷ್ಕರ ಶುರುವಾಯಿತು. ನವೆಂಬರ್ 8ರಂದು ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಬಂದ್ ಆದವು. ಅಂದು ಯಾರು ಮೊದಲು ದನಿ ಎತ್ತಿದರು ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಆದರೆ ಒಂದು ಲೆಕ್ಕ ಹಾಕಿ. ಆ ವಾರ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ ಏನು ಸುದ್ದಿ? ಡಾಕ್ಟರ ಮೇಲೆ ಹಲ್ಲೆ, ಮುಷ್ಕರ, ಬಂಧನ. ಕಣ್ಣು ಕಳೆದುಕೊಂಡವರು ಎಲ್ಲಿ ಹೋದರು? ಒಳಪುಟಕ್ಕೆ. ಔಷಧದೊಳಗೆ ಬ್ಯಾಕ್ಟೀರಿಯಾ ಹೇಗೆ ಬಂತು, ಯಾರು ಪರೀಕ್ಷೆ ಮಾಡಬೇಕಿತ್ತು ಎಂಬ ಪ್ರಶ್ನೆ ಗಲಾಟೆಯಲ್ಲಿ ಮುಳುಗಿತು. ಗೆದ್ದವರು ಯಾರು? ಉತ್ತರ ಕೊಡಬೇಕಾಗಿದ್ದವರು.

ಐದು ವರ್ಷದ ನಂತರ, 2024ರ ನವೆಂಬರಿನಲ್ಲಿ, ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು. ಈ ಸಲ ಅನುಮಾನ ಬಂದದ್ದು ಡ್ರಿಪ್ ಹಾಕುವ ದ್ರಾವಣದ ಮೇಲೆ. ಮತ್ತೆ ಅದೇ ಪ್ರಶ್ನೆ: ಸರ್ಕಾರ ಕೊಳ್ಳುವ ಔಷಧವನ್ನು ಪರೀಕ್ಷಿಸುವವರು ಯಾರು? 2019ರಲ್ಲಿ ಆ ಪ್ರಶ್ನೆಯನ್ನು ಉತ್ತರ ಸಿಗುವವರೆಗೆ ಹಿಡಿದು ಜಗ್ಗಿದ್ದರೆ ಎಂದು ಯೋಚಿಸಿದಾಗ ನಿದ್ದೆ ಬರುವುದಿಲ್ಲ.

ಒಪ್ಪಿಕೊಳ್ಳೋಣ, ಈ ಎರಡು ದುರಂತಗಳನ್ನು ಬರೀ ಕನ್ನಡ ತಡೆಯುತ್ತಿರಲಿಲ್ಲ. ಬಾಟಲಿಯ ಮೇಲೆ ಕನ್ನಡದಲ್ಲಿ ಬರೆದಿದ್ದರೂ ಒಳಗಿನ ವಿಷ ವಿಷವೇ. ಆದರೆ ಮನೆಗೆ ಹೋದ ರೋಗಿಗೆ 'ಕಣ್ಣು ಕೆಂಪಾದರೆ, ನೋವು ಹೆಚ್ಚಾದರೆ, ಮಸುಕಾದರೆ ಬೆಳಗಾಗುವವರೆಗೆ ಕಾಯಬೇಡಿ' ಎಂಬ ಸಾಲು ಗೊತ್ತಿದ್ದರೆ ಯಾವ ಸೋಂಕಿನಲ್ಲೂ ಗಂಟೆಗಳು ಉಳಿಯುತ್ತವೆ. ದಾಖಲೆ ಓದಬಲ್ಲವನು ಪ್ರಶ್ನೆ ಕೇಳಬಲ್ಲ. ಓದಲಾಗದವನು ಕೂಗಬಲ್ಲ, ಅಷ್ಟೆ. ಕೂಗಿದವನ ಮೇಲೆ ಕೇಸು ಬೀಳುತ್ತದೆ. ವೈದ್ಯರ ಮೇಲಿನ ಹಲ್ಲೆಗೆಂದೇ ನಮ್ಮ ರಾಜ್ಯದಲ್ಲಿ 2009ರ ಕಾಯ್ದೆ ಇದೆ ಎಂಬುದನ್ನು ಮರೆಯಬೇಡಿ. ರಾತ್ರಿ ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡುವ ಇಪ್ಪತ್ತೈದು ವರ್ಷದ ಹುಡುಗಿ ನಮ್ಮ ಶತ್ರುವಲ್ಲ.

ಆ ಹುಡುಗಿ ಹೊರರಾಜ್ಯದವಳಾಗಿರಬಹುದು. ಸರ್ಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಆಕೆ ಬಂದದ್ದು ತಪ್ಪಲ್ಲ. ಕನ್ನಡ ಕಲಿಸದೆ ಆಕೆಯನ್ನು ವಾರ್ಡಿಗೆ ಕಳಿಸಿದ್ದು ತಪ್ಪು. ಎಂ.ಬಿ.ಬಿ.ಎಸ್.ನ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಬೇಕೆಂದು 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿದೆ. ನಮ್ಮ ಕಾಲೇಜುಗಳಲ್ಲಿ ಅದು ಹೇಗೆ ನಡೆಯುತ್ತಿದೆ, ಯಾರು ಕಲಿಸುತ್ತಾರೆ, ಪರೀಕ್ಷೆ ಇದೆಯೆ? ಹೋಗಿ ಕೇಳಿ. ಡಾಕ್ಟರನ್ನಲ್ಲ, ಪ್ರಿನ್ಸಿಪಾಲರನ್ನು ಕೇಳಿ.

ದುಭಾಷಿ ಯಾರು?

ಈಗ ನಮ್ಮ ಆಸ್ಪತ್ರೆಗಳಲ್ಲಿ ಅನುವಾದ ಮಾಡುವವರು ಯಾರು? ಆಯಾ, ವಾರ್ಡ್ ಬಾಯ್, ಪಕ್ಕದ ಹಾಸಿಗೆಯವರು, ಇಲ್ಲವೆ ಏಳನೇ ಕ್ಲಾಸು ಓದುವ ಮಗಳು. ತಾಯಿಯ ಮುಟ್ಟಿನ ತೊಂದರೆಯನ್ನು ಆ ಮಗು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ತಾಯಿ ಅರ್ಧ ನುಂಗುತ್ತಾಳೆ, ಮಗು ಇನ್ನರ್ಧ ನುಂಗುತ್ತದೆ.

ನ್ಯೂಯಾರ್ಕ್ ರಾಜ್ಯದಲ್ಲಿ ದೊಡ್ಡ ಔಷಧಿ ಅಂಗಡಿಗಳ ಸರಪಳಿಗಳು ಇಂಗ್ಲಿಷ್ ಬಾರದವರಿಗೆ ಚೀನಿ, ಇಟಾಲಿಯನ್, ರಷ್ಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಔಷಧಿಯ ಲೇಬಲ್ ಕೊಡಬೇಕೆಂಬ ನಿಯಮ 2013ರಿಂದ ಇದೆ. ಅಲ್ಲಿ ವಲಸೆ ಹೋದವರ ಭಾಷೆಗೆ ಆ ಮರ್ಯಾದೆ. ಇಲ್ಲಿ ಈ ನೆಲದವನ ಭಾಷೆಗೇ ಇಲ್ಲ.

ಇನ್ನೊಂದು ಮಾತು. ರೋಗಿಗೆ ಗೊತ್ತಿರುವ ಭಾಷೆ ಎಂಬ ನಮ್ಮ ನ್ಯಾಯ ಕನ್ನಡಿಗನಿಗೆ ಸಲ್ಲುವುದಾದರೆ ಕಟ್ಟಡ ಕೆಲಸಕ್ಕೆ ಬಂದು ಕಾಲು ಮುರಿದುಕೊಂಡ ಬಿಹಾರದ ಕೂಲಿಗೂ ಸಲ್ಲುತ್ತದೆ. ಮುಂಬಯಿಯ ಆಸ್ಪತ್ರೆಯಲ್ಲಿರುವ ನಮ್ಮ ಕನ್ನಡಿಗನಿಗೂ ಸಲ್ಲುತ್ತದೆ. ಕನ್ನಡವೇ ಮೊದಲು, ಅನುಮಾನವಿಲ್ಲ. ಆದರೆ ನೋವಿನಲ್ಲಿರುವವನನ್ನು ಭಾಷೆಗಾಗಿ ನಾವು ತಳ್ಳಿದೆವು ಎಂಬ ಮಾತು ಬರಬಾರದು.

ನಾಳೆಯಿಂದ ಏನು ಮಾಡುತ್ತೀರಿ?

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗಬೇಡಿ. ಬರೆದುಕೊಳ್ಳಿ.

1. ನಿಮ್ಮ ಮನೆಯ ಹಿರಿಯರ ಔಷಧಿಗಳನ್ನೆಲ್ಲ ಇವತ್ತೇ ಮೇಜಿನ ಮೇಲೆ ಸುರಿಯಿರಿ. ಪ್ರತಿಯೊಂದೂ ಯಾತಕ್ಕೆ, ಯಾವಾಗ ಎಂದು ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ.

2. ಡಾಕ್ಟರು ಹೇಳಿದ ಮೇಲೆ ಅದನ್ನೇ ತಿರುಗಿ ಹೇಳಿ. 'ಸಾರ್, ನನಗೆ ಅರ್ಥ ಆದದ್ದು ಹೀಗೆ,' ಎನ್ನಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ.

3. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುಂಚೆ 'ಕನ್ನಡದ ನಮೂನೆ ಕೊಡಿ, ಇಲ್ಲವೆ ಓದಿ ಹೇಳಿ' ಎಂದು ಕೇಳಿ. ಓದಿ ಹೇಳಿದವರ ಹೆಸರು, ಸಮಯ ಅದೇ ಕಾಗದದಲ್ಲಿ ಬರೆಸಿ.

4. ಕೇಸ್ ಶೀಟಿನ ನಕಲು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಡತೆ ನಿಯಮದಲ್ಲಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ.

5. ಹಾನಿಯಾಗಿದೆ ಎನಿಸಿದರೆ ಕಲ್ಲು ಎತ್ತಬೇಡಿ, ಕಾಗದ ಎತ್ತಿ. ಖಾಸಗಿ ಆಸ್ಪತ್ರೆಯಾದರೆ, 2017ರಲ್ಲಿ ತಿದ್ದುಪಡಿಯಾದ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಿ. ವೈದ್ಯರ ನಡತೆಯ ಬಗ್ಗೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಪರಿಹಾರಕ್ಕಾದರೆ ಗ್ರಾಹಕ ಆಯೋಗಕ್ಕೆ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಕಡೆ ಮಾತ್ರ ಅದು ಅನ್ವಯಿಸದು. ಎರಡು ವರ್ಷದೊಳಗೆ ಹೋಗಬೇಕು, ನೆನಪಿರಲಿ.

6. ಸಂಘಟನೆಯ ಕೆಲಸ ಇದು: ಪ್ರತಿ ಶಾಖೆ ತನ್ನ ವ್ಯಾಪ್ತಿಯ ಆಸ್ಪತ್ರೆಗಳಿಗೆ ಹೋಗಿ, ಮೂರು ಕಾಗದಗಳಲ್ಲಿ ಯಾವುದು ಕನ್ನಡದಲ್ಲಿದೆ, ಯಾವುದಿಲ್ಲ ಎಂದು ವಿನಯದಿಂದ ಕೇಳಿ ಪಟ್ಟಿ ಮಾಡಲಿ. ಕನ್ನಡ ಬಲ್ಲ ವೈದ್ಯರನ್ನು ಕೂರಿಸಿಕೊಂಡು ಒಳ್ಳೆಯ ಮನೆಗನ್ನಡದ ನಮೂನೆಗಳನ್ನು ಸಿದ್ಧಪಡಿಸಿ ಪುಕ್ಕಟೆ ಕೊಡೋಣ. 'ನಮ್ಮಲ್ಲಿಲ್ಲ' ಎಂಬ ನೆವ ಉಳಿಯಬಾರದು. ಆಮೇಲೂ ಬಳಸದಿದ್ದರೆ ಆಗ ಧರಣಿ ಕೂರೋಣ, ಬಾಗಿಲ ಹೊರಗೆ, ಆಂಬ್ಯುಲೆನ್ಸಿಗೆ ದಾರಿ ಬಿಟ್ಟು.

7. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಸರ್ಕಾರಿ ಆಸ್ಪತ್ರೆಯವರ ಅನುಮತಿ ಪಡೆದು ಹೊರರೋಗಿ ವಿಭಾಗದಲ್ಲಿ ನಿಲ್ಲಿ. ಚೀಟಿ ಓದಿಸಿಕೊಳ್ಳಲು ಬರುವ ಅಜ್ಜ ಅಜ್ಜಿಯರಿಗೆ ಫಾರ್ಮಸಿಸ್ಟರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡಿ. ನಿಮ್ಮ ಊಹೆ ಸೇರಿಸಬೇಡಿ, ಹೇಳಿದ್ದನ್ನಷ್ಟೇ ಬರೆಯಿರಿ. ಇದೂ ಕನ್ನಡ ಹೋರಾಟವೇ. ಫೋಟೋ ಬರುವುದಿಲ್ಲ, ಆದರೆ ಒಂದು ಜೀವ ಉಳಿಯಬಹುದು.

ಗೆಳೆಯರೇ, ಕನ್ನಡ ಉಳಿಯಬೇಕಾದರೆ ಕನ್ನಡಿಗ ಬದುಕಬೇಕು. ಚೀಟಿ ಓದಲಾಗದೆ ಸತ್ತವನಿಗೆ ಯಾವ ರಾಜ್ಯೋತ್ಸವ, ಯಾವ ಬಾವುಟ? ಬರುವ ನವೆಂಬರ್ ಒಂದರೊಳಗೆ ನಿಮ್ಮ ಶಾಖೆಯ ವ್ಯಾಪ್ತಿಯಲ್ಲಿ ಕನಿಷ್ಠ ಒಂದು ಆಸ್ಪತ್ರೆಯ ಮೂರು ಕಾಗದಗಳನ್ನು ಕನ್ನಡಕ್ಕೆ ತನ್ನಿ. ತಂದು, ಆ ನಮೂನೆಗಳನ್ನು ಈ ಪತ್ರಿಕೆಗೆ ಕಳಿಸಿ. ಮುಂದಿನ ಊರಿನವರಿಗೆ ಅದೇ ಮಾದರಿಯಾಗಲಿ.

ಜೈ ಕರ್ನಾಟಕ.